ಡ್ಯಾಟ್ ಟೇಪುಗಳನ್ನು ಡಿಜಿಟಲ್ ಆಡಿಯೋ ಕಾರ್ಡಿನ ಮೂಲಕ ಕಂಪ್ಯೂಟರಿಗೆ ಇಳಿಸುವಾಗ ಕ್ಲಾಕ್, ಸ್ಯಾಂಪಲ್ ರೇಟ್ ಮತ್ತು ಬಫರ್ ಹೊಂದಿಸುವ ಬಗೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1990ರ ದಶಕದಲ್ಲಿ ಮುದ್ರಿಸಿದ ಸಂಗೀತದ ಹಾಗೂ ಸಂದರ್ಶನಗಳ ಹಲವಾರು ಡ್ಯಾಟ್ ಟೇಪುಗಳಿವೆ (ಡ್ಯಾಟ್ ಎಂದರೆ ಧ್ವನಿಯನ್ನು ಅಂಕಿಗಳಾಗಿ ಮುದ್ರಿಸುವ ಡಿಜಿಟಲ್ ಆಡಿಯೋ ಟೇಪ್). ಅವುಗಳನ್ನು ನುಡಿಸುವ ಡೆಕ್ ಇನ್ನೂ ಸುಸ್ಥಿತಿಯಲ್ಲಿದೆ. ಆದರೆ ಇಂಥ ಡೆಕ್ಕುಗಳು ಈಗ ತಯಾರಾಗುತ್ತಿಲ್ಲವಾದ್ದರಿಂದ, ಅದು ಕೆಲಸ ಮಾಡುತ್ತಿರುವಾಗಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದಿದ್ದೇನೆ. ಡೆಕ್ಕಿನ, ಧ್ವನಿಯನ್ನು ಅಂಕಿಗಳಾಗಿಯೇ ಹೊರಗೆ ಕಳುಹಿಸುವ ಕೋಆಕ್ಸಿಯಲ್ ಎಸ್‌ಪಿಡಿಐಎಫ್ ಔಟ್‌ಪುಟ್ಟನ್ನು ಕಂಪ್ಯೂಟರಿನೊಳಗೆ ಕೂರಿಸಿರುವ ಡಿಜಿಟಲ್ ಆಡಿಯೋ ಕಾರ್ಡಿಗೆ ನೇರವಾಗಿ ಜೋಡಿಸಿದ್ದೇನೆ. ಕಾರ್ಡಿನಲ್ಲಿ ಕೋಆಕ್ಸಿಯಲ್ ಇನ್‌ಪುಟ್ ಹಾಗೂ ಔಟ್‌ಪುಟ್, ಒಂದು ಜೊತೆ ಆಪ್ಟಿಕಲ್ ಕಿಂಡಿಗಳು ಮತ್ತು ಸಾಧನಗಳ ಓಟವನ್ನು ಒಂದಾಗಿಸುವ ವರ್ಡ್ ಕ್ಲಾಕ್‌ಗೆ ಬಿಎನ್‌ಸಿ ಕನೆಕ್ಟರುಗಳಿವೆ. ವಿಂಡೋಸ್‌ನಲ್ಲಿ ಕಾರ್ಡಿನದೇ ಎಎಸ್ಐಒ ಡ್ರೈವರ್ (ಮುದ್ರಣ ತಂತ್ರಾಂಶವನ್ನು ಕಾರ್ಡಿಗೆ ನೇರವಾಗಿ ಜೋಡಿಸುವ ಚಾಲಕ ತಂತ್ರಾಂಶ) ಬಳಸುತ್ತಿದ್ದೇನೆ.

ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಮೊದಲನೆಯದಾಗಿ, ಮುದ್ರಿತ ಫೈಲಿನಲ್ಲಿ ಅತಿ ಸಣ್ಣದಾದ ಟಿಕ್ ಎನ್ನುವ ಸದ್ದು ಬಹುಮಟ್ಟಿಗೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಜೋರಾದ ಭಾಗಗಳಲ್ಲಿ ಅದು ಮುಚ್ಚಿಹೋಗುತ್ತದೆಯಾದರೂ ಎಳೆದು ಹಾಡಿದ ಸ್ವರಗಳಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಹೆಡ್‌ಫೋನನ್ನು ಡೆಕ್ಕಿಗೇ ಹಾಕಿಕೊಂಡು ಕೇಳಿದರೆ ಆ ಸದ್ದು ಇರುವುದಿಲ್ಲ. ಎರಡನೆಯದಾಗಿ, ಕೆಲವು ಟೇಪುಗಳಿಂದ ಬಂದ ಫೈಲುಗಳು ಶ್ರುತಿ ಇಳಿದು ನಿಧಾನವಾಗಿ ನುಡಿಯುತ್ತವೆ, ಅವುಗಳ ಅವಧಿಯೂ ಟೇಪಿನ ಅವಧಿಗಿಂತ ಹೆಚ್ಚಾಗಿರುತ್ತದೆ. ಮೂರನೆಯದು ಟೇಪಿಗೆ ಸಂಬಂಧಿಸಿದ್ದಲ್ಲ. ಹೊಸ ಧ್ವನಿಮುದ್ರಣಕ್ಕಾಗಿ ಅಡಾಟ್ (ಒಂದೇ ಆಪ್ಟಿಕಲ್ ಕೇಬಲಿನಲ್ಲಿ ಎಂಟು ಚಾನೆಲ್ ಸಾಗಿಸುವ ಪದ್ಧತಿ) ಆಪ್ಟಿಕಲ್ ಔಟ್‌ಪುಟ್ ಇರುವ ಎಂಟು ಚಾನೆಲ್ಲಿನ ಮೈಕ್ ಪ್ರಿಆಂಪ್ ಒಂದನ್ನು ಇದೇ ಕಾರ್ಡಿಗೆ ಜೋಡಿಸಿದಾಗ, ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮದೇ ಧ್ವನಿ ಎರಡೆರಡು ಸಲ ಕೇಳಿಸುತ್ತದೆ.

ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ಲಾಕ್ ಮೂಲ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯ ಅಳತೆ, ಅಂದರೆ ಸ್ಯಾಂಪಲ್, ತೆಗೆಯಲಾಗುತ್ತದೆ ಎಂಬುದು), ಬಫರ್ ಗಾತ್ರ, ಆಪ್ಟಿಕಲ್ ಕಿಂಡಿಯ ಬಗೆ ಎಂಬ ಆಯ್ಕೆಗಳಿವೆ, ಜೊತೆಗೆ ದೊಡ್ಡದೊಂದು ಮಿಕ್ಸರ್ ಪುಟವೂ ಇದೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿಯೇ ಬದಲಾಗುವುದನ್ನು ಗಮನಿಸಿದ್ದೇನೆ. ಇವುಗಳನ್ನು ಯಾವ ಕ್ರಮದಲ್ಲಿ ಹೊಂದಿಸಬೇಕು? ಟೇಪಿನಲ್ಲಿರುವ ಅಂಕಿಗಳು ಒಂದೂ ಬದಲಾಗದೆ ಫೈಲಿಗೆ ಬಂದಿವೆ ಎಂದು ಖಚಿತಪಡಿಸಿಕೊಳ್ಳುವ ದಾರಿ ಇದೆಯೇ?

ಉತ್ತರ 1

ಟಿಕ್ ಸದ್ದಿನ ವಿಷಯದಲ್ಲಿ ಮೊದಲು ಬಫರನ್ನು ಪರೀಕ್ಷಿಸುವುದು ಸುಲಭವಾದ್ದರಿಂದ ಅಲ್ಲಿಂದಲೇ ಆರಂಭಿಸಿ. ಬಫರ್ ಎಂದರೆ ಕಾರ್ಡಿನಿಂದ ಸಾಫ್ಟ್‌ವೇರಿಗೆ ಒಂದು ಕಂತಿನಲ್ಲಿ ಸಾಗುವ ಸ್ಯಾಂಪಲ್‌ಗಳ ಸಂಖ್ಯೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರಿಗೆ ಸುಮಾರು 2.7 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರೊಳಗೆ ಪ್ರೊಸೆಸರ್ ಆ ಕಂತನ್ನು ಎತ್ತಿಕೊಳ್ಳದಿದ್ದರೆ ಮುಂದಿನ ಕಂತು ಅದರ ಮೇಲೆ ಬಂದು ಬೀಳುತ್ತದೆ, ಫೈಲಿನಲ್ಲಿ ಅಷ್ಟು ಭಾಗ ಹರಿದುಹೋಗುತ್ತದೆ. ಟೇಪ್ ಇಳಿಸುವಾಗ ಯಾರೂ ಹಾಡುತ್ತಿರುವುದಿಲ್ಲವಾದ್ದರಿಂದ ವಿಳಂಬದ ಚಿಂತೆಯೇ ಬೇಕಿಲ್ಲ. 1024 ಅಥವಾ 2048 ಸ್ಯಾಂಪಲ್ ಇಟ್ಟುಕೊಳ್ಳಿ. ಆಗ ಪ್ರೊಸೆಸರಿಗೆ ಒಂದೊಂದು ಕಂತಿಗೂ 21ರಿಂದ 43 ಮಿಲಿಸೆಕೆಂಡುಗಳ ಬಿಡುವು ಸಿಗುತ್ತದೆ. ಇದರ ಜೊತೆಗೆ ವೈಫೈ ಅಡಾಪ್ಟರನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ವಿದ್ಯುತ್ ಉಳಿತಾಯದ ಆಯ್ಕೆಯನ್ನು ಪೂರ್ಣ ಸಾಮರ್ಥ್ಯದ ಕಡೆಗೆ ಬದಲಿಸಿ. ಕೆಲವು ನೆಟ್‌ವರ್ಕ್ ಡ್ರೈವರುಗಳು ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡುಗಳ ಕಾಲ ಹಿಡಿದಿಟ್ಟುಕೊಳ್ಳುವುದುಂಟು, ಸಣ್ಣ ಬಫರಿನ ಮುದ್ರಣವನ್ನು ಕೆಡಿಸಲು ಅಷ್ಟೇ ಸಾಕು.

ಬಫರ್ ದೊಡ್ಡದಾದ ಮೇಲೂ ಟಿಕ್ ಸದ್ದು ಅದೇ ಅಂತರದಲ್ಲಿ ಉಳಿದರೆ ತೊಂದರೆ ಬಫರಿನದಲ್ಲ. ಬಫರಿನ ತೊಂದರೆ ಕಂಪ್ಯೂಟರಿನ ಮೇಲಿರುವ ಹೊರೆಯೊಂದಿಗೆ ಹೆಚ್ಚು ಕಡಿಮೆಯಾಗುತ್ತದೆ, ಹಾಗೆ ಅಳೆದಿಟ್ಟಂತೆ ಒಂದೇ ಅಂತರದಲ್ಲಿ ಬರುವುದು ಅಪರೂಪ.

ಉತ್ತರ 2

ಮೇಲಿನ ಉತ್ತರದ ಕೊನೆಯ ಮಾತನ್ನೇ ಹಿಡಿದು ಮುಂದುವರಿಯುತ್ತೇನೆ. ನೀವು ಕೊಟ್ಟಿರುವ ವಿವರಣೆ, ಅದರಲ್ಲೂ ಒಂದೇ ಅಂತರದ ಟಿಕ್ ಸದ್ದು, ಕ್ಲಾಕ್ ಹೊಂದಾಣಿಕೆಯ ದೋಷಕ್ಕೆ ಸರಿಹೊಂದುತ್ತದೆ. ಡಿಜಿಟಲ್ ಇನ್‌ಪುಟ್ ಇರುವ ಯಾವುದೇ ಕಾರ್ಡಿನಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಕಾಲವನ್ನು ಅಳೆಯುವವರು ಯಾರು ಎಂಬುದು. ಉಳಿದ ಆಯ್ಕೆಗಳೆಲ್ಲ ಆ ತೀರ್ಮಾನವನ್ನು ಅನುಸರಿಸುತ್ತವೆ. ಒಂದನ್ನು ಬದಲಿಸಿದಾಗ ಇನ್ನೊಂದು ತಾನಾಗಿಯೇ ಬದಲಾಗುವುದಕ್ಕೂ ಇದೇ ಕಾರಣ.

ಅನಲಾಗ್ ಇನ್‌ಪುಟ್ಟಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಏಕೆಂದರೆ ಅಲ್ಲಿ ಸ್ಯಾಂಪಲ್ ತೆಗೆಯುವುದು ಕಾರ್ಡೇ. ಆದರೆ ಎಸ್‌ಪಿಡಿಐಎಫ್ ಕೇಬಲಿನಲ್ಲಿ ಬರುವುದು ಡೆಕ್ಕು ತನ್ನೊಳಗಿನ ಕಾಲ ಅಳೆಯುವ ಸ್ಫಟಿಕದ ಲೆಕ್ಕದಲ್ಲಿ ಕಳುಹಿಸುತ್ತಿರುವ ಸಿದ್ಧ ಅಂಕಿಗಳು. ಕಾರ್ಡಿನ ಕ್ಲಾಕ್ ಮೂಲವು ಇಂಟರ್ನಲ್ ಎಂದಿದ್ದರೆ ಕಾರ್ಡು ತನ್ನ ಸ್ಫಟಿಕದ ಲೆಕ್ಕದಲ್ಲಿ ಅವುಗಳನ್ನು ಎತ್ತಿಕೊಳ್ಳುತ್ತದೆ. ಎರಡೂ ಸ್ಫಟಿಕಗಳ ಮೇಲೆ 48 ಕಿಲೋಹರ್ಟ್ಸ್ ಎಂದೇ ಬರೆದಿದ್ದರೂ ಅವು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ. ಗೃಹಬಳಕೆಯ ಡಿಜಿಟಲ್ ಆಡಿಯೋ ಸಂಪರ್ಕದ ಐಇಸಿ 60958 ಮಾನದಂಡವು ಅತ್ಯುತ್ತಮ ದರ್ಜೆಯ ಸಾಧನಕ್ಕೂ ಹತ್ತು ಲಕ್ಷಕ್ಕೆ 50 ಪಾಲಿನಷ್ಟು ಏರುಪೇರನ್ನು ಒಪ್ಪಿಕೊಳ್ಳುತ್ತದೆ, ಸಾಮಾನ್ಯ ದರ್ಜೆಗೆ ಹತ್ತು ಲಕ್ಷಕ್ಕೆ 1000 ಪಾಲಿನವರೆಗೂ ಅವಕಾಶವಿದೆ. ಡೆಕ್ಕಿಗೂ ಕಾರ್ಡಿಗೂ ಹತ್ತು ಲಕ್ಷಕ್ಕೆ ಕೇವಲ 20 ಪಾಲಿನ ವ್ಯತ್ಯಾಸವಿದೆ ಎಂದುಕೊಳ್ಳಿ. 48000 ಸ್ಯಾಂಪಲ್‌ಗಳಿಗೆ ಅದು 0.96 ಸ್ಯಾಂಪಲ್ ಆಗುತ್ತದೆ, ಎಂದರೆ ಹೆಚ್ಚುಕಡಿಮೆ ಪ್ರತಿ ಸೆಕೆಂಡಿಗೂ ಒಂದು ಸ್ಯಾಂಪಲ್ ಬಿಟ್ಟುಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ. ಎಳೆದ ಸ್ವರದ ನುಣುಪಾದ ಅಲೆಯಲ್ಲಿ ಒಂದು ಸ್ಯಾಂಪಲ್ ಜಾರಿದರೂ ಅಲ್ಲೊಂದು ಮುರುಕು ಮೂಡುತ್ತದೆ, ಕಿವಿ ಅದನ್ನು ಟಿಕ್ ಎಂದು ಗುರುತಿಸುತ್ತದೆ. ಬಫರನ್ನು ಎಷ್ಟೇ ಹಿಗ್ಗಿಸಿದರೂ ಇದು ವಾಸಿಯಾಗುವುದಿಲ್ಲ, ಏಕೆಂದರೆ ಸ್ಯಾಂಪಲ್ ಬಫರನ್ನು ಮುಟ್ಟುವ ಮೊದಲೇ ಕಳೆದುಹೋಗಿರುತ್ತದೆ.

ಡ್ಯಾಟ್ ಡೆಕ್ ಟೇಪನ್ನು ನುಡಿಸುವಾಗ ತನ್ನದೇ ಸ್ಫಟಿಕದ ಮೇಲೆ ಓಡುತ್ತದೆ. ವರ್ಡ್ ಕ್ಲಾಕ್ ಇನ್‌ಪುಟ್ ಇರುವ ಕೆಲವು ಸ್ಟುಡಿಯೋ ಡೆಕ್ಕುಗಳನ್ನು ಬಿಟ್ಟರೆ ಅದನ್ನು ಬೇರೆ ಕ್ಲಾಕಿಗೆ ಒಗ್ಗಿಸಲು ಆಗುವುದಿಲ್ಲ. ಆದ್ದರಿಂದ ಡೆಕ್ಕೇ ಮಾಸ್ಟರ್ ಆಗಿರಬೇಕು, ಕಾರ್ಡು ಅದನ್ನು ಅನುಸರಿಸಬೇಕು. ಕ್ಲಾಕ್ ಮೂಲದಲ್ಲಿ ಎಸ್‌ಪಿಡಿಐಎಫ್ ಇನ್‌ಪುಟ್ ಎಂದು ಆರಿಸಿ, ಡೆಕ್ಕಿನಲ್ಲಿ ಟೇಪ್ ಓಡಿಸಿ, ಪ್ಯಾನೆಲ್ಲಿನ ಸೂಚಕವನ್ನು ನೋಡಿ. ಹಲವು ಕಾರ್ಡುಗಳು ಲಾಕ್ ಮತ್ತು ಸಿಂಕ್ ಎಂಬ ಎರಡು ಸ್ಥಿತಿಗಳನ್ನು ಪ್ರತ್ಯೇಕವಾಗಿ ತೋರಿಸುತ್ತವೆ. ಲಾಕ್ ಎಂದರೆ ಬರುತ್ತಿರುವ ಸಂಕೇತವನ್ನು ಕಾರ್ಡು ಓದಬಲ್ಲುದು ಎಂದಷ್ಟೇ ಅರ್ಥ. ಸಿಂಕ್ ಎಂದರೆ ಕಾರ್ಡಿನ ಓಟವೂ ಆ ಸಂಕೇತದ ಓಟವೂ ಒಂದೇ ಆಗಿವೆ ಎಂದು ಅರ್ಥ. ಲಾಕ್ ಇದ್ದು ಸಿಂಕ್ ಇಲ್ಲದ ಸ್ಥಿತಿಯಲ್ಲಿ ಧ್ವನಿ ಚೆನ್ನಾಗಿಯೇ ಕೇಳಿಸುತ್ತದೆ, ಟಿಕ್ ಸದ್ದೂ ಬರುತ್ತಿರುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ ಎಂದು ನನ್ನ ಅಭಿಪ್ರಾಯ.

ಲಾಕ್ ಸಹ ಆಗದಿದ್ದರೆ ಕೇಬಲನ್ನು ನೋಡಿ. ಕೋಆಕ್ಸಿಯಲ್ ಎಸ್‌ಪಿಡಿಐಎಫ್‌ಗೆ 75 ಓಮಿನ ಕೇಬಲ್ ಬೇಕು. ಸಾಮಾನ್ಯ ಆರ್‌ಸಿಎ ಆಡಿಯೋ ಕೇಬಲ್ ಗಿಡ್ಡದಾಗಿದ್ದರೆ ಕೆಲಸ ನಡೆಯುತ್ತದಾದರೂ, ಉದ್ದವಾದಷ್ಟೂ ಸಂಕೇತ ತುದಿಗಳಲ್ಲಿ ಪ್ರತಿಫಲನಗೊಂಡು ಲಾಕ್ ಆಗಾಗ ತಪ್ಪುತ್ತದೆ.

ಈಗ ಎರಡನೆಯ ತೊಂದರೆ. ಡ್ಯಾಟ್ ಟೇಪುಗಳನ್ನು 48, 44.1 ಮತ್ತು 32 ಕಿಲೋಹರ್ಟ್ಸ್ ಎಂಬ ಮೂರು ದರಗಳಲ್ಲಿ ಮುದ್ರಿಸಬಹುದಿತ್ತು. ಒಂದೇ ಟೇಪಿನಲ್ಲಿ ಬೇರೆ ಬೇರೆ ದರದ ಭಾಗಗಳೂ ಇರಬಹುದು. ಕಾರ್ಡು ಬರುತ್ತಿರುವ 48ರ ಸಂಕೇತವನ್ನೇ ತೆಗೆದುಕೊಂಡು, ಸಾಫ್ಟ್‌ವೇರ್ ಮಾತ್ರ ತನ್ನ ಪ್ರಾಜೆಕ್ಟ್ 44.1ರದು ಎಂದು ನಂಬಿದ್ದರೆ, ಅಂಕಿಗಳು ಸರಿಯಾಗಿಯೇ ಬರುತ್ತವೆ, ಆದರೆ ಫೈಲಿನ ಹಣೆಪಟ್ಟಿ ತಪ್ಪಾಗುತ್ತದೆ. 60 ನಿಮಿಷದ ಮುದ್ರಣ ಆಗ ಸುಮಾರು 65 ನಿಮಿಷ 18 ಸೆಕೆಂಡು ನುಡಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಇಳಿಯುತ್ತದೆ. ನಿಮ್ಮ ಫೈಲುಗಳ ಅವಧಿ ಈ ಪ್ರಮಾಣದಲ್ಲೇ ಹೆಚ್ಚಾಗಿದೆಯೇ ಎಂದು ಲೆಕ್ಕ ಹಾಕಿ ನೋಡಿ. ಹಾಗಿದ್ದರೆ ಆ ಫೈಲನ್ನು ಯಾವ ಕಾರಣಕ್ಕೂ ಮರುಸ್ಯಾಂಪಲ್ ಮಾಡಬೇಡಿ. ಆಡಿಯೋ ಸಂಪಾದಕ ತಂತ್ರಾಂಶದಲ್ಲಿ, ಒಳಗಿನ ಅಂಕಿಗಳನ್ನು ಮುಟ್ಟದೆ ಫೈಲಿನ ಸ್ಯಾಂಪಲ್ ರೇಟ್ ನಮೂದನ್ನು ಮಾತ್ರ 48000 ಎಂದು ಬದಲಿಸಿದರೆ ಶ್ರುತಿಯೂ ಅವಧಿಯೂ ಸರಿಹೋಗುತ್ತವೆ. ಆದರೆ ಟಿಕ್ ಸದ್ದು ಸೇರಿಕೊಂಡಿರುವ ಫೈಲಿಗೆ ಈ ಪರಿಹಾರ ಸಾಲದು, ಅಂಥ ಟೇಪನ್ನು ಕ್ಲಾಕ್ ಸರಿಪಡಿಸಿದ ಮೇಲೆ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ.

ಆದ್ದರಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಟೇಪನ್ನು ಒಂದಿಷ್ಟು ಓಡಿಸಿ ಡೆಕ್ಕಿನ ಪರದೆಯ ಮೇಲೆ ಅದರ ದರವನ್ನು ನೋಡುತ್ತೇನೆ, ಬಳಿಕ ಕ್ಲಾಕ್ ಮೂಲವನ್ನು ಎಸ್‌ಪಿಡಿಐಎಫ್‌ಗೆ ಇಟ್ಟು ಸಿಂಕ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ, ಅದಾದ ಮೇಲೆಯೇ ಸಾಫ್ಟ್‌ವೇರಿನಲ್ಲಿ ಅದೇ ದರದ ಹೊಸ ಪ್ರಾಜೆಕ್ಟ್ ತೆರೆಯುತ್ತೇನೆ. ಬಫರಿನ ಸರದಿ ಕೊನೆಯದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಬಫರನ್ನು 2048ಕ್ಕೆ ಏರಿಸಿದಾಗ ಟಿಕ್ ಸದ್ದಿನ ಅಂತರ ಸ್ವಲ್ಪವೂ ಬದಲಾಗಲಿಲ್ಲ. ಕ್ಲಾಕ್ ಮೂಲವನ್ನು ಎಸ್‌ಪಿಡಿಐಎಫ್‌ಗೆ ಬದಲಿಸಿದ ಕೂಡಲೇ ಪ್ಯಾನೆಲ್ಲಿನಲ್ಲಿ ಲಾಕ್ ಎಂದಿದ್ದುದು ಸಿಂಕ್ ಎಂದಾಯಿತು, ಟಿಕ್ ಸದ್ದು ಪೂರ್ತಿಯಾಗಿ ನಿಂತುಹೋಯಿತು. ನಿಧಾನವಾಗಿ ನುಡಿಯುತ್ತಿದ್ದ ಫೈಲುಗಳ ಅವಧಿಯೂ ನೀವು ಹೇಳಿದ ಪ್ರಮಾಣದಲ್ಲೇ ಹೆಚ್ಚಾಗಿದೆ, ಅವೆಲ್ಲವೂ 48ರ ಟೇಪುಗಳೇ ಆಗಿವೆ.

ಟಿಕ್ ಸದ್ದು ಕೇಳಿಸುತ್ತಿಲ್ಲ ಎಂಬ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆ ಎಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಈ ಟೇಪುಗಳನ್ನು ಇನ್ನೊಮ್ಮೆ ಇಳಿಸುವ ಅವಕಾಶ ಮುಂದೆ ಸಿಗದೇ ಹೋಗಬಹುದು. ಹಾಗಾಗಿ ಅಂಕಿಗಳು ಹಾಗೆಯೇ ಬಂದಿವೆ ಎಂಬುದನ್ನು ಕಿವಿಯನ್ನು ನಂಬದೆ ಪರೀಕ್ಷಿಸುವ ವಿಧಾನವನ್ನು ದಯವಿಟ್ಟು ತಿಳಿಸಿ. ಮೈಕ್ ಪ್ರಿಆಂಪಿನ ವಿಷಯವೂ ಬಾಕಿ ಇದೆ.

ಉತ್ತರ 3

ಪರೀಕ್ಷೆಯ ವಿಧಾನಗಳು ಎರಡಿವೆ. ಒಂದು ಕಾರ್ಡಿನದು, ಇನ್ನೊಂದು ಟೇಪಿನದು. ಎರಡನ್ನೂ ಮಾಡುವುದು ಒಳ್ಳೆಯದು, ಏಕೆಂದರೆ ಒಂದರಲ್ಲಿ ತಪ್ಪಿಸಿಕೊಂಡ ದೋಷ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ.

ಕಾರ್ಡಿನ ಪರೀಕ್ಷೆಗೆ ಡೆಕ್ಕನ್ನು ತೆಗೆದು, ಕಾರ್ಡಿನ ಕೋಆಕ್ಸಿಯಲ್ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್ಟಿಗೆ ಒಂದು ಕೇಬಲಿನಿಂದ ಜೋಡಿಸಿ. ಈ ಪರೀಕ್ಷೆಯ ಮಟ್ಟಿಗೆ ಕ್ಲಾಕ್ ಮೂಲ ಇಂಟರ್ನಲ್ ಆಗಿರಲೇಬೇಕು. ಎಸ್‌ಪಿಡಿಐಎಫ್ ಎಂದು ಬಿಟ್ಟರೆ ಕಾರ್ಡು ತಾನೇ ಕಳುಹಿಸಿದ ಕ್ಲಾಕನ್ನು ತಾನೇ ಹಿಂಬಾಲಿಸಲು ಹೊರಟು ಓಟ ಅಸ್ಥಿರವಾಗುತ್ತದೆ. 24 ಬಿಟ್‌ನ ಒಂದು ನಿಮಿಷದ ಗದ್ದಲದ ಫೈಲನ್ನು ಸಾಫ್ಟ್‌ವೇರಿನಲ್ಲೇ ಸೃಷ್ಟಿಸಿ, ಅದನ್ನು ಹೊರಗೆ ನುಡಿಸುತ್ತಾ ಒಳಗೆ 24 ಬಿಟ್‌ನಲ್ಲಿ ಮುದ್ರಿಸಿಕೊಳ್ಳಿ. ಎರಡು ಫೈಲುಗಳನ್ನೂ ಒಂದೇ ಸ್ಯಾಂಪಲಿಗೆ ಹೊಂದಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದರೆ ಸಂಪೂರ್ಣ ಸೊನ್ನೆ ಉಳಿಯಬೇಕು. ತೀರಾ ಮೆಲ್ಲಗಿನ ಸದ್ದು ಎಂದಲ್ಲ, ಸೊನ್ನೆಯೇ ಆಗಿರಬೇಕು.

ಸೊನ್ನೆ ಬರದಿದ್ದರೆ ಉಳಿದದ್ದರ ಸ್ವರೂಪವೇ ಕಾರಣವನ್ನು ಹೇಳುತ್ತದೆ. ಮೈನಸ್ 96 ಡೆಸಿಬೆಲ್ಲಿನ ಆಸುಪಾಸಿನಲ್ಲಿ ಸಮನಾದ ಗುಸುಗುಸು ಉಳಿದರೆ ದಾರಿಯಲ್ಲಿ ಎಲ್ಲೋ 24 ಬಿಟ್ 16ಕ್ಕೆ ಇಳಿದಿದೆ. ಮೂಲ ಧ್ವನಿಯೇ ಸಣ್ಣದಾಗಿ ಉಳಿದರೆ ಯಾವುದೋ ಫೇಡರ್ (ಧ್ವನಿಯ ಮಟ್ಟ ಹೊಂದಿಸುವ ಜಾರುಗುಂಡಿ) ಸೊನ್ನೆ ಡೆಸಿಬೆಲ್ಲಿನಲ್ಲಿ ಇಲ್ಲ ಎಂದರ್ಥ. ಶಿಳ್ಳೆಯಂಥ ಎತ್ತರದ ಸ್ವರಗಳು ಮಾತ್ರ ಹೆಚ್ಚಾಗಿ ಉಳಿದರೆ ಸ್ಯಾಂಪಲ್ ರೇಟ್ ಪರಿವರ್ತನೆ ನಡೆಯುತ್ತಿದೆ. ಫೇಡರಿನ ತೊಂದರೆಗೆ ನೀವು ಹೇಳಿದ ಮಿಕ್ಸರ್ ಪುಟವೇ ಸಾಮಾನ್ಯವಾಗಿ ಕಾರಣವಾಗಿರುತ್ತದೆ. ಡಿಜಿಟಲ್ ಇನ್‌ಪುಟ್ಟನ್ನು ನೇರವಾಗಿ ಮುದ್ರಿಸುವ ದಾರಿ ಮತ್ತು ಮಿಕ್ಸರಿನ ಮೊತ್ತವನ್ನು ಮುದ್ರಿಸುವ ದಾರಿ ಬೇರೆ ಬೇರೆಯಾಗಿರುತ್ತವೆ. ಸಾಫ್ಟ್‌ವೇರಿನ ಇನ್‌ಪುಟ್ ಪಟ್ಟಿಯಲ್ಲಿ ಎಸ್‌ಪಿಡಿಐಎಫ್ 1-2 ಎಂಬ ನೇರ ಹೆಸರನ್ನೇ ಆರಿಸಬೇಕು, ಮಿಕ್ಸ್ ಎಂಬ ಹೆಸರಿನದನ್ನಲ್ಲ.

ರೇಟ್ ಪರಿವರ್ತನೆಯ ಸಂಶಯ ಬಂದರೆ ಆಪರೇಟಿಂಗ್ ಸಿಸ್ಟಮ್ ಕಡೆಗೆ ನೋಡಿ. ಎಎಸ್ಐಒ ಡ್ರೈವರ್ ವಿಂಡೋಸಿನ ಆಡಿಯೋ ಎಂಜಿನ್ನನ್ನು ತಪ್ಪಿಸಿ ನೇರವಾಗಿ ಹೋಗುವುದರಿಂದ ನಿಮಗೆ ಈ ಅಪಾಯ ಕಡಿಮೆ. ಆದರೆ ಎಎಸ್ಐಒ ಇಲ್ಲದೆ ವಿಂಡೋಸಿನದೇ ಆಡಿಯೋ ವ್ಯವಸ್ಥೆಯಾದ ವಾಸಾಪಿಯ ಹಂಚಿಕೆಯ ವಿಧಾನದಲ್ಲಿ ಮುದ್ರಿಸಿದರೆ, ಸೌಂಡ್ ಸೆಟ್ಟಿಂಗ್‌ನಲ್ಲಿ ನಮೂದಾಗಿರುವ ದರಕ್ಕೆ ಎಲ್ಲವೂ ಪರಿವರ್ತನೆಯಾಗುತ್ತದೆ. ಅಂಥ ಸಂದರ್ಭದಲ್ಲಿ ಏಕಸ್ವಾಮ್ಯದ ವಿಧಾನವನ್ನು ಆರಿಸಬೇಕು. ಮ್ಯಾಕ್ ಬಳಸುವವರು ಆಡಿಯೋ ಮಿಡಿ ಸೆಟಪ್‌ನಲ್ಲಿ ಕ್ಲಾಕ್ ಮೂಲವನ್ನು ಆರಿಸಬೇಕು. ಅಲ್ಲಿ ಹಲವು ಸಾಧನಗಳನ್ನು ಒಂದಾಗಿಸಿದಾಗ ಕಾಣುವ ಡ್ರಿಫ್ಟ್ ಕರೆಕ್ಷನ್ ಎಂಬುದು ಒಳಗಿಂದೊಳಗೆ ಮರುಸ್ಯಾಂಪಲ್ ಮಾಡುವ ಉಪಾಯವಾದ್ದರಿಂದ, ಸಂರಕ್ಷಣೆಯ ಕೆಲಸಕ್ಕೆ ಅದು ತಕ್ಕದ್ದಲ್ಲ. ಲಿನಕ್ಸಿನಲ್ಲಿ ಅದರ ಆಡಿಯೋ ವ್ಯವಸ್ಥೆಯಾದ ಅಲ್ಸಾದ ಎಚ್‌ಡಬ್ಲ್ಯೂ ಎಂಬ ನೇರ ಸಾಧನವನ್ನೇ ಬಳಸಬೇಕು. ಪ್ಲಗ್‌ಎಚ್‌ಡಬ್ಲ್ಯೂ ಎಂದು ಕೊಟ್ಟರೆ ದರ ಹೊಂದದಿದ್ದಾಗ ಅದು ಯಾರನ್ನೂ ಕೇಳದೆ ಪರಿವರ್ತಿಸಿಬಿಡುತ್ತದೆ. ಕೆಲವು ಹಳೆಯ ಕಾರ್ಡುಗಳಲ್ಲಂತೂ ಒಳಗಿನ ಚಿಪ್ಪೇ ಎಲ್ಲವನ್ನೂ 48ಕ್ಕೆ ಬದಲಿಸುತ್ತದೆ, ಅಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ಟೇಪಿನ ಪರೀಕ್ಷೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಕ್ಲಾಕ್ ಮೂಲವನ್ನು ಮತ್ತೆ ಎಸ್‌ಪಿಡಿಐಎಫ್‌ಗೆ ಇಟ್ಟು, ಒಂದೇ ಟೇಪನ್ನು ಎರಡು ಸಲ ಇಳಿಸಿಕೊಳ್ಳಿ. ಟೇಪಿನ ಮೇಲಿರುವುದು ಅಂಕಿಗಳಾದ್ದರಿಂದ ಡೆಕ್ಕಿನ ಓಟ ಸ್ವಲ್ಪ ಹೆಚ್ಚುಕಡಿಮೆಯಾದರೂ ಯಾವುದೇ ಎರಡು ಗುರುತುಗಳ ನಡುವಿನ ಸ್ಯಾಂಪಲ್‌ಗಳ ಸಂಖ್ಯೆ ಬದಲಾಗಲಾರದು. ಎರಡು ಫೈಲುಗಳನ್ನೂ ಆರಂಭದಲ್ಲಿ ಹೊಂದಿಸಿ ಒಂದರಿಂದ ಒಂದನ್ನು ಕಳೆದರೆ ಕೊನೆಯವರೆಗೂ ಸೊನ್ನೆ ಉಳಿಯಬೇಕು. ಒಂದು ಕಡೆಯಿಂದಾಚೆಗೆ ಸೊನ್ನೆ ಮುರಿದು, ಅಲ್ಲಿಂದ ಕೊನೆಯವರೆಗೂ ಶೇಷ ಉಳಿದರೆ ಆ ಜಾಗದಲ್ಲಿ ಸ್ಯಾಂಪಲ್ ಜಾರಿದೆ, ಅಂದರೆ ಕ್ಲಾಕ್ ಅಥವಾ ಬಫರಿನ ತೊಂದರೆ ಇನ್ನೂ ಉಳಿದಿದೆ. ಅಲ್ಲೊಂದು ಇಲ್ಲೊಂದು ಕ್ಷಣ ಮಾತ್ರ ಶೇಷ ಕಂಡು ಮತ್ತೆ ಸೊನ್ನೆಗೆ ಮರಳಿದರೆ ಅದು ಟೇಪಿನ ಓದುವಿಕೆಯ ದೋಷ. ಡೆಕ್ಕು ತಿದ್ದಲಾಗದಷ್ಟು ದೊಡ್ಡ ದೋಷ ಎದುರಾದಾಗ ಅಕ್ಕಪಕ್ಕದ ಅಂಕಿಗಳಿಂದ ಅಂದಾಜು ಮಾಡಿ ತುಂಬಿಸುತ್ತದೆ, ಆ ಅಂದಾಜು ಎರಡೂ ಸಲ ಒಂದೇ ಆಗಿರಬೇಕೆಂದಿಲ್ಲ. ಅಂಥ ಕಡೆ ಡೆಕ್ಕಿನ ಹೆಡ್ಡನ್ನು ಶುಚಿಗೊಳಿಸಿ ಮೂರನೆಯ ಸಲ ಇಳಿಸಿಕೊಂಡರೆ, ಯಾವ ಎರಡು ಪ್ರತಿಗಳು ಒಂದನ್ನೊಂದು ಹೋಲುತ್ತವೆಯೋ ಅವುಗಳನ್ನು ನಂಬಬಹುದು. ಸಮಯ ಹಿಡಿಯುತ್ತದೆ ನಿಜ, ಆದರೆ ಮತ್ತೆ ಸಿಗದ ಧ್ವನಿಗಳ ವಿಷಯದಲ್ಲಿ ಆ ಸಮಯವನ್ನು ಕೊಡಲೇಬೇಕು.

ಇನ್ನೊಂದು ಮಾತು. ಡ್ಯಾಟ್ 16 ಬಿಟ್‌ನದು. 24 ಬಿಟ್‌ನ ಫೈಲಿನಲ್ಲಿ ಮುದ್ರಿಸಿದರೆ ಕೆಳಗಿನ ಎಂಟು ಬಿಟ್‌ಗಳು ಸೊನ್ನೆಯಾಗಿರಬೇಕು. ಅವುಗಳಲ್ಲಿ ಏನಾದರೂ ಚಲನೆ ಕಂಡರೆ ದಾರಿಯಲ್ಲಿ ಯಾರೋ ಅಂಕಿಗಳನ್ನು ಗುಣಿಸಿದ್ದಾರೆ ಎಂದೇ ತಿಳಿಯಬೇಕು. ಬಿಟ್ ಮೀಟರ್ ತೋರಿಸುವ ಪ್ಲಗಿನ್ ಇದ್ದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಉತ್ತರ 4

ಮೈಕ್ ಪ್ರಿಆಂಪಿನ ವಿಷಯವನ್ನು ನಾನು ತೆಗೆದುಕೊಳ್ಳುತ್ತೇನೆ. ಆಪ್ಟಿಕಲ್ ಕಿಂಡಿಯ ಮೂಲಕ ಎರಡು ಚಾನೆಲ್ಲಿನ ಎಸ್‌ಪಿಡಿಐಎಫ್ ಕೂಡ ಹೋಗಬಹುದು, ಎಂಟು ಚಾನೆಲ್ಲಿನ ಅಡಾಟ್ ಕೂಡ ಹೋಗಬಹುದು. ಕೇಬಲ್ ಒಂದೇ, ಸಂಕೇತದ ಕಟ್ಟೋಣ ಮಾತ್ರ ಬೇರೆ. ಆದ್ದರಿಂದ ಪ್ಯಾನೆಲ್ಲಿನಲ್ಲಿ ಆ ಕಿಂಡಿ ಅಡಾಟ್ ಎಂದೇ ಇರಬೇಕು. 44.1 ಮತ್ತು 48ರಲ್ಲಿ ಎಂಟೂ ಚಾನೆಲ್ ಸಿಗುತ್ತವೆ, 96ಕ್ಕೆ ಏರಿಸಿದರೆ ಒಂದು ಕೇಬಲಿನಲ್ಲಿ ನಾಲ್ಕೇ ಉಳಿಯುತ್ತವೆ.

ಇಲ್ಲಿ ಕ್ಲಾಕಿನ ದಿಕ್ಕು ಟೇಪಿನದಕ್ಕಿಂತ ಬೇರೆಯಾಗಬಹುದು. ಪ್ರಿಆಂಪಿಗೆ ವರ್ಡ್ ಕ್ಲಾಕ್ ಇನ್‌ಪುಟ್ ಇದ್ದರೆ ಕಾರ್ಡನ್ನು ಇಂಟರ್ನಲ್‌ನಲ್ಲಿಟ್ಟು ಮಾಸ್ಟರ್ ಮಾಡಿ, ಬಿಎನ್‌ಸಿ ಕೇಬಲಿನಿಂದ ಪ್ರಿಆಂಪಿಗೆ ಕ್ಲಾಕ್ ಕೊಡಿ, ಪ್ರಿಆಂಪಿನ ಗುಂಡಿಯನ್ನು ವರ್ಡ್ ಕ್ಲಾಕ್ ಕಡೆಗೆ ತಿರುಗಿಸಿ. ವರ್ಡ್ ಕ್ಲಾಕ್ ತಂತಿಯ ಕೊನೆಯ ಸಾಧನದಲ್ಲಿ ಮಾತ್ರ 75 ಓಮಿನ ಟರ್ಮಿನೇಷನ್ (ತುದಿಯ ಪ್ರತಿರೋಧ) ಇರಬೇಕು. ಅದು ಇಲ್ಲದಿದ್ದರೆ ಸಂಕೇತ ಪ್ರತಿಫಲಿಸುತ್ತದೆ, ಎರಡು ಕಡೆ ಇದ್ದರೆ ವೋಲ್ಟೇಜ್ ಕುಸಿಯುತ್ತದೆ. ಪ್ರಿಆಂಪಿಗೆ ಆ ಇನ್‌ಪುಟ್ ಇಲ್ಲದಿದ್ದರೆ ಅದನ್ನೇ ಮಾಸ್ಟರ್ ಮಾಡಿ, ಕಾರ್ಡಿನ ಕ್ಲಾಕ್ ಮೂಲವನ್ನು ಅಡಾಟ್ ಎಂದಿಡಿ. ಡೆಕ್ಕನ್ನೂ ಪ್ರಿಆಂಪನ್ನೂ ಒಟ್ಟಿಗೆ ಮುದ್ರಿಸಬೇಕಾದ ಸಂದರ್ಭ ಬಂದರೆ ಡೆಕ್ಕೇ ಮಾಸ್ಟರ್, ಕಾರ್ಡು ಡೆಕ್ಕನ್ನು ಅನುಸರಿಸುತ್ತದೆ, ಪ್ರಿಆಂಪು ವರ್ಡ್ ಕ್ಲಾಕ್ ಮೂಲಕ ಕಾರ್ಡನ್ನು ಅನುಸರಿಸುತ್ತದೆ. ಒಂದು ವ್ಯವಸ್ಥೆಯಲ್ಲಿ ಇಬ್ಬರು ಮಾಸ್ಟರುಗಳು ಇರಕೂಡದು. ಟೇಪಿನ ಕೆಲಸಕ್ಕೆ ಮರಳುವಾಗ ಕ್ಲಾಕ್ ಮೂಲವನ್ನು ಮತ್ತೆ ಬದಲಿಸಬೇಕಾಗುವುದರಿಂದ, ಎರಡು ಕೆಲಸಗಳ ಸೆಟ್ಟಿಂಗುಗಳನ್ನೂ ಬೇರೆ ಬೇರೆ ಹೆಸರಿನ ಪ್ರಿಸೆಟ್ಟುಗಳಾಗಿ ಉಳಿಸಿಡಿ.

ಹೆಡ್‌ಫೋನಿನಲ್ಲಿ ಧ್ವನಿ ಎರಡು ಸಲ ಕೇಳಿಸುವುದಕ್ಕೆ ಕ್ಲಾಕ್ ಕಾರಣವಲ್ಲ. ಕಾರ್ಡಿನ ಮಿಕ್ಸರ್ ಪುಟವು ಇನ್‌ಪುಟ್ಟನ್ನು ನೇರವಾಗಿ ಹೆಡ್‌ಫೋನಿಗೆ ಕಳುಹಿಸುತ್ತಿದೆ, ಸಾಫ್ಟ್‌ವೇರು ಕೂಡ ತನ್ನ ಮಾನಿಟರಿಂಗ್ ಗುಂಡಿಯ ಮೂಲಕ ಅದೇ ಧ್ವನಿಯನ್ನು ಬಫರಿನಷ್ಟು ತಡವಾಗಿ ಕಳುಹಿಸುತ್ತಿದೆ. ಬಫರ್ ದೊಡ್ಡದಿದ್ದಾಗ ಇದು ಪ್ರತಿಧ್ವನಿಯಂತೆ ಕೇಳಿಸುತ್ತದೆ. ಚಿಕ್ಕದಿದ್ದಾಗ ಪ್ರತಿಧ್ವನಿ ಗೊತ್ತಾಗದೆ ಧ್ವನಿಯ ಬಣ್ಣವೇ ಕೆಡುತ್ತದೆ. ಎರಡೂ ಸಮಪ್ರಮಾಣದಲ್ಲಿದ್ದು ನಡುವೆ 5 ಮಿಲಿಸೆಕೆಂಡಿನ ಅಂತರವಿದ್ದರೆ 100, 300, 500 ಹರ್ಟ್ಸ್ ಹೀಗೆ ಸಾಲಾಗಿ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಡುವವರು ಧ್ವನಿ ಟೊಳ್ಳಾಗಿದೆ ಎಂದು ದೂರುವುದು ಆಗಲೇ. ಎರಡರಲ್ಲಿ ಒಂದನ್ನು ಮುಚ್ಚಬೇಕು. ಸಾಫ್ಟ್‌ವೇರಿನ ಮಾನಿಟರಿಂಗ್ ಮುಚ್ಚಿ, ಕಾರ್ಡಿನ ನೇರ ದಾರಿಯನ್ನು ಉಳಿಸಿಕೊಳ್ಳುವುದನ್ನೇ ನಾನು ಸೂಚಿಸುತ್ತೇನೆ. ಆಗ ಬಫರನ್ನು 512 ಅಥವಾ 1024ರಲ್ಲಿಟ್ಟು ನೆಮ್ಮದಿಯಿಂದ ಮುದ್ರಿಸಬಹುದು. ಹಾಡುವವರು ಸಾಫ್ಟ್‌ವೇರಿನ ರಿವರ್ಬ್ ಸಹಿತವೇ ಕೇಳಬೇಕೆಂದರೆ ಮಾತ್ರ ನೇರ ದಾರಿಯನ್ನು ಮುಚ್ಚಿ ಬಫರನ್ನು 64 ಅಥವಾ 128ಕ್ಕೆ ಇಳಿಸಬೇಕಾಗುತ್ತದೆ. ಇಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಬಫರಿನ ವಿಳಂಬ ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಎಣಿಕೆಯಾಗುತ್ತದೆ, ಅದರ ಮೇಲೆ ಪರಿವರ್ತಕಗಳ ವಿಳಂಬವೂ ಸೇರುತ್ತದೆ.

ಪ್ರಶ್ನೆ ಕೇಳಿದವರಿಂದ

ಸಾಫ್ಟ್‌ವೇರಿನ ಮಾನಿಟರಿಂಗ್ ಮುಚ್ಚಿದ ಮೇಲೆ ಹೆಡ್‌ಫೋನಿನ ತೊಂದರೆ ಬಗೆಹರಿಯಿತು. ಕೇಬಲನ್ನು ಕಾರ್ಡಿಗೇ ಮರಳಿಸಿ ಮಾಡಿದ ಪರೀಕ್ಷೆಯಲ್ಲಿ ಮೊದಲು ಮೂಲ ಧ್ವನಿ ಸಣ್ಣದಾಗಿ ಉಳಿಯಿತು. ಮಿಕ್ಸರ್ ಪುಟದಲ್ಲಿ ಔಟ್‌ಪುಟ್ ಫೇಡರನ್ನು ಸೊನ್ನೆ ಡೆಸಿಬೆಲ್ಲಿಗೆ ತಂದಾಗ ಪೂರ್ಣ ಸೊನ್ನೆ ಬಂತು. ಒಂದು ಟೇಪನ್ನು ಎರಡು ಸಲ ಇಳಿಸಿ ಕಳೆದು ನೋಡಿದೆ, ಅದೂ ಕೊನೆಯವರೆಗೆ ಸೊನ್ನೆಯಾಗಿಯೇ ಇದೆ. ಆದರೆ ಇನ್ನೊಂದು ಟೇಪಿನ ಫೈಲು ಅದೇ ಕಲಾವಿದರ ಉಳಿದ ಟೇಪುಗಳಿಗಿಂತ ವಿಪರೀತ ಚೂಪಾಗಿ, ಸಕಾರಗಳು ಕಿವಿಗೆ ಚುಚ್ಚುವಂತೆ ಕೇಳಿಸುತ್ತದೆ. ಡೆಕ್ಕಿನ ಹೆಡ್‌ಫೋನಿನಲ್ಲಿ ಅದು ಸಹಜವಾಗಿಯೇ ಇದೆ. ಕಳೆಯುವ ಪರೀಕ್ಷೆಯಲ್ಲಿ ಅದರ ಎರಡು ಪ್ರತಿಗಳೂ ಸೊನ್ನೆ ತೋರಿಸುತ್ತವೆ.

ಉತ್ತರ 5

ಆ ಟೇಪು ಎಂಫಸಿಸ್ ಸಹಿತ ಮುದ್ರಿತವಾಗಿದೆ ಎಂದು ತೋರುತ್ತದೆ. ಡಿಜಿಟಲ್ ಮುದ್ರಣದ ಆರಂಭದ ವರ್ಷಗಳ ಕೆಲವು ಯಂತ್ರಗಳು ಎತ್ತರದ ಆವರ್ತನಗಳನ್ನು ಹಿಗ್ಗಿಸಿ ಮುದ್ರಿಸಿ, ನುಡಿಸುವಾಗ ಅಷ್ಟೇ ಕುಗ್ಗಿಸುತ್ತಿದ್ದವು. ಈ ಹಿಗ್ಗುವಿಕೆ 50 ಮತ್ತು 15 ಮೈಕ್ರೊಸೆಕೆಂಡುಗಳ ಕಾಲಾಂಕಗಳನ್ನು ಅನುಸರಿಸುತ್ತದೆ, 20 ಕಿಲೋಹರ್ಟ್ಸ್ ಹತ್ತಿರ ಅದು 9 ಡೆಸಿಬೆಲ್ಲಿಗೂ ಮೀರುತ್ತದೆ. ಕುಗ್ಗಿಸಬೇಕೆಂಬ ಸೂಚನೆ ಎಸ್‌ಪಿಡಿಐಎಫ್ ಸಂಕೇತದ ಚಾನೆಲ್ ಸ್ಟೇಟಸ್ ಬಿಟ್‌ಗಳಲ್ಲಿ ಬರುತ್ತದೆ. ಡೆಕ್ಕಿನ ಅನಲಾಗ್ ಔಟ್‌ಪುಟ್ ಅದನ್ನು ಪಾಲಿಸುವುದರಿಂದ ಹೆಡ್‌ಫೋನಿನಲ್ಲಿ ಸಹಜವಾಗಿ ಕೇಳಿಸುತ್ತದೆ. ಕಾರ್ಡು ಅಂಕಿಗಳನ್ನು ಮಾತ್ರ ಫೈಲಿಗೆ ಬರೆಯುತ್ತದೆ, ಸೂಚನೆ ಅಲ್ಲಿಗೇ ಕಳೆದುಹೋಗುತ್ತದೆ. ಟೇಪು ಓಡುತ್ತಿರುವಾಗ ಕಾರ್ಡಿನ ಇನ್‌ಪುಟ್ ಸ್ಥಿತಿಯ ಪುಟವನ್ನು ತೆರೆದು ಎಂಫಸಿಸ್ ಎಂಬ ಸಾಲನ್ನು ನೋಡಿ. ಕೆಲವು ಡೆಕ್ಕುಗಳ ಪರದೆಯ ಮೇಲೂ ಅದು ಕಾಣಿಸುತ್ತದೆ.

ಇದು ದೋಷವಲ್ಲವಾದ್ದರಿಂದ ಕಾರ್ಡಿನಲ್ಲಿ ಏನನ್ನೂ ಬದಲಿಸಬೇಡಿ. ಬಂದ ಫೈಲನ್ನು ಹಾಗೆಯೇ ಮೂಲಪ್ರತಿಯಾಗಿ ಇಟ್ಟು, ಅದರ ಹೆಸರಿನಲ್ಲಿ ಎಂಫಸಿಸ್ ಇದೆ ಎಂದು ನಮೂದಿಸಿ. ಕೇಳುವ ಪ್ರತಿಗಾಗಿ ಪ್ರತ್ಯೇಕವಾಗಿ, 32 ಬಿಟ್ ಫ್ಲೋಟ್‌ನಲ್ಲಿ ಡಿಎಂಫಸಿಸ್ ಫಿಲ್ಟರ್ ಹಾಕಿ, ಮತ್ತೆ 16 ಬಿಟ್‌ಗೆ ಇಳಿಸುವಾಗ ಡಿದರ್ (ಬಿಟ್ ಕಡಿತದ ದೋಷವನ್ನು ಮರೆಸುವ ಅತಿ ಸಣ್ಣ ಗದ್ದಲ) ಸೇರಿಸಿ. ಸಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಡಿಎಂಫ್ ಎಂಬ ಆದೇಶವಿದೆ, ಅದು 44.1 ಮತ್ತು 48 ಎರಡಕ್ಕೂ ನಡೆಯುತ್ತದೆ. ಉಳಿದ ಟೇಪುಗಳನ್ನು ಇಳಿಸುವಾಗಲೂ ದರದ ಜೊತೆಗೆ ಈ ಸಾಲನ್ನು ನೋಡಿ ಬರೆದಿಟ್ಟುಕೊಳ್ಳಿ, ಏಕೆಂದರೆ ಟೇಪು ನಿಂತ ಮೇಲೆ ಫೈಲನ್ನು ಮಾತ್ರ ನೋಡಿ ಅದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ.